ಸೆಕೆಂಡ್ ಲೈಫ್: ಖಾತೆ ರದ್ದಾದ ಮೇಲೂ ಕಾಣುವುದೇನು?

2003ರಲ್ಲಿ ಲಿಂಡೆನ್ ಲ್ಯಾಬ್ ಕಂಪನಿ ತೆರೆದ ಆನ್‌ಲೈನ್ ವರ್ಚುವಲ್ ಲೋಕ ಸೆಕೆಂಡ್ ಲೈಫ್‌ನಲ್ಲಿ ಮನೆ, ಬಟ್ಟೆ, ಗಿಡಮರ ಬಹುಪಾಲು ಬಳಕೆದಾರರೇ ಮಾಡಿದ್ದು. ಮಾಡಿದವರು ಖಾತೆ ರದ್ದು ಮಾಡಿಕೊಂಡರೆ ಯಾವುದು ಉಳಿಯುತ್ತದೆ ಎಂದು ತಿಳಿಯಲು ಎರಡು ಹೆಸರು ನೋಡಿದರೆ ಸಾಕು. ವಸ್ತುವಿನ ಮೇಲೆ ರೈಟ್ ಕ್ಲಿಕ್ ಮಾಡಿ, ಎಡಿಟ್ ಒತ್ತಿ, ಜನರಲ್ ಟ್ಯಾಬ್ ತೆರೆಯಿರಿ. ಅಲ್ಲಿ ಕ್ರಿಯೇಟರ್ (ಮಾಡಿದವರು), ಓನರ್ (ಈಗಿನ ಒಡೆಯರು) ಬೇರೆಬೇರೆ ಸಾಲಿನಲ್ಲಿರುತ್ತವೆ.

ಕ್ರಿಯೇಟರ್ ಸಾಲು ಅಳಿಯುವುದಿಲ್ಲ. ವಸ್ತುವಿನೊಳಗೆ ಕೂತಿರುವುದು ಹೆಸರಲ್ಲ, 36 ಅಕ್ಷರಗಳ ಯುಯುಐಡಿ, ಅಂದರೆ ಪ್ರತಿ ಖಾತೆಗೂ ಬೇರೆಬೇರೆಯಾದ ಗುರುತಿನ ಸಂಕೇತ. ಅದನ್ನು ಹಿಡಿದೇ ಹೆಸರು ತೋರಿಸುತ್ತಾರೆ. ಮಾರಿದ ಪ್ರತಿಗಳೂ ಕೊಂಡವರ ಇನ್ವೆಂಟರಿಯಲ್ಲಿ (ಖಾತೆಯ ವಸ್ತುಸಂಗ್ರಹ) ಹಾಗೇ ಇರುತ್ತವೆ, ಏಕೆಂದರೆ ಓನರ್ ಈಗ ಅವರೇ. ತೊಂದರೆ ಆಮೇಲೆ ಶುರು. ನೋ-ಕಾಪಿ (ನಕಲು ಮಾಡಲಾಗದ) ವಸ್ತು ಕಳೆದುಹೋದರೆ ಇನ್ನೊಂದು ಕೇಳಲು ಯಾರೂ ಇಲ್ಲ. ನೋ-ಮಾಡಿಫೈ (ತಿದ್ದಲಾಗದ) ಬಟ್ಟೆ ನಿಮ್ಮ ಅವತಾರದ ಹೊಸ ಮೆಶ್ (3ಡಿ ಮಾದರಿ) ದೇಹಕ್ಕೆ ಹೊಂದದಿದ್ದರೆ ಸರಿಪಡಿಸಿ ಕೊಡುವವರೂ ಇಲ್ಲ.

ಹೋದವರೇ ಓನರ್ ಆಗಿದ್ದರೆ ಕಥೆ ಬೇರೆ. ಅವರ ಹೆಸರಿನ ಮೇನ್‌ಲ್ಯಾಂಡ್ (ಲಿಂಡೆನ್ ಲ್ಯಾಬ್ ನಡೆಸುವ ಭೂಭಾಗ) ಜಮೀನು ಕೈಬಿಟ್ಟದ್ದಾಗಿ ಕಂಪನಿಯದೇ ಖಾತೆಯಾದ ಗವರ್ನರ್ ಲಿಂಡೆನ್ ಹೆಸರಿಗೆ ಹೋಗುತ್ತದೆ. ಬೇರೆಯವರ ಜಮೀನಿನಲ್ಲಿ ಇಟ್ಟುಹೋದ ವಸ್ತು ಮಾತ್ರ ತೆಗೆಯುವವರೆಗೂ ನಿಂತೇ ಇರಬಹುದು. ಅಬೌಟ್ ಲ್ಯಾಂಡ್‌ನ ಆಬ್ಜೆಕ್ಟ್ಸ್ ಟ್ಯಾಬ್‌ನಲ್ಲಿ ಆಟೋ ರಿಟರ್ನ್ (ಇತರರ ವಸ್ತು ತಾನಾಗಿ ವಾಪಸಾಗಲು ಇಟ್ಟ ನಿಮಿಷ) 0 ಇದ್ದರೆ ಅದು ತಾನಾಗಿ ಹೋಗುವುದಿಲ್ಲ. ಸಾಮಾನ್ಯ ಮೇನ್‌ಲ್ಯಾಂಡ್‌ನ 1024 ಚದರ ಮೀಟರಿಗೆ ಸಿಗುವ ಲ್ಯಾಂಡ್ ಇಂಪ್ಯಾಕ್ಟ್ (ಜಮೀನು ಹೊರಬಲ್ಲ ವಸ್ತುಗಳ ಮಿತಿ) 351 ಮಾತ್ರ. ಹಳೆಯ ಗೋಡೆ, ಬೇಲಿಗಳೂ ಅದನ್ನೇ ತಿನ್ನುತ್ತವೆ. ಆದರೂ ಅವಸರದಲ್ಲಿ ರಿಟರ್ನ್ ಒತ್ತಬೇಡಿ. ರಿಟರ್ನ್ ಆದದ್ದು ಓನರ್‌ನ ಲಾಸ್ಟ್ ಅಂಡ್ ಫೌಂಡ್ ಫೋಲ್ಡರಿಗೆ ಸೇರುತ್ತದೆ. ಆ ಖಾತೆಗೆ ಯಾರೂ ಲಾಗಿನ್ ಆಗದಿದ್ದ ಮೇಲೆ ವಸ್ತು ಹೋದಂತೆಯೇ ಲೆಕ್ಕ.

ಗುಂಪಿನ ಕಟ್ಟಡವಾದರೆ ಕಟ್ಟಿದವರು ಹೊರಡುವ ಮುಂಚೆಯೇ ಡೀಡ್ ಮಾಡಿಸಿಕೊಳ್ಳಿ, ಅಂದರೆ ಒಡೆತನವನ್ನು ಗುಂಪಿನ ಹೆಸರಿಗೆ ಮಾಡಿಸಿಕೊಳ್ಳಿ. ಮೊದಲು ಜನರಲ್ ಟ್ಯಾಬ್‌ನಲ್ಲಿ ಗ್ರೂಪ್ ಆರಿಸಬೇಕು, ಶೇರ್ ಗುರುತು ಹಾಕಬೇಕು, ಆಮೇಲೆ ಡೀಡ್ ಒತ್ತಬೇಕು. ಒತ್ತುವವರ ಗ್ರೂಪ್ ರೋಲ್‌ನಲ್ಲಿ ಡೀಡ್ ಮಾಡುವ ಅಧಿಕಾರವೂ ಇರಬೇಕು. ಬಹಳ ಮಂದಿ ಶೇರ್‌ಗೇ ನಿಲ್ಲಿಸಿಬಿಡುತ್ತಾರೆ. ಶೇರ್ ಮಾಡಿದರೆ ಗುಂಪಿನವರು ಕೈಹಾಕಬಹುದು ಅಷ್ಟೇ, ಒಡೆತನ ಕದಲುವುದಿಲ್ಲ. ಕಟ್ಟಡದ ಒಂದು ತುಂಡೋ ಒಳಗಿನ ಒಂದು ಸ್ಕ್ರಿಪ್ಟೋ (ವಸ್ತುವನ್ನು ಆಡಿಸುವ ಕೋಡ್) ನೋ-ಟ್ರಾನ್ಸ್‌ಫರ್ (ಬೇರೆಯವರಿಗೆ ಕೊಡಲಾಗದ್ದು) ಆಗಿದ್ದರೂ ಡೀಡ್ ನಡೆಯುವುದಿಲ್ಲ. ನೆಕ್ಸ್ಟ್ ಓನರ್ ಸಾಲಿನಲ್ಲಿ ಮಾಡಿಫೈಗೆ ಗುರುತಿಲ್ಲದಿದ್ದರೆ ಡೀಡ್ ಆದ ಮೇಲೆ ಗುಂಪು ಅದನ್ನು ತಿದ್ದಲಾಗದು; ಮೊದಲೇ ನೋಡಿಕೊಳ್ಳಿ. ಗ್ರೂಪ್‌ನಲ್ಲಿ ಕನಿಷ್ಠ ಇಬ್ಬರು ಸದಸ್ಯರಿರಬೇಕೆಂಬ ನಿಯಮವನ್ನೂ ಮರೆಯಬೇಡಿ.

ವಸ್ತು ಕಂಡ ಮಾತ್ರಕ್ಕೆ ಕೆಲಸ ಮಾಡುತ್ತದೆ ಎಂದೇನಿಲ್ಲ. ಹೊರಗಿನ ಸರ್ವರ್ ನಂಬಿದ ಸಾಕುಪ್ರಾಣಿ, ಮಾರಾಟದ ಪೆಟ್ಟಿಗೆಗಳು ಆ ಸರ್ವರ್ ನಿಂತ ದಿನವೇ ಬೊಂಬೆಯಾಗುತ್ತವೆ. 2017ರಲ್ಲಿ ಸಾಕುಮೊಲ ಮಾರುತ್ತಿದ್ದ ಓಜಿಮಲ್ಸ್‌ನ ಸರ್ವರ್ ಮುಚ್ಚಿದಾಗ, ಆಹಾರದ ಮೇಲೆ ಅವಲಂಬಿಸಿದ್ದ ಮೊಲಗಳು ಮತ್ತೆ ಏಳದ ನಿದ್ದೆಗೆ ಜಾರಿದವು.

ಚಾಟ್ ಮಾತ್ರ ಖಾತೆಗೆ ಅಂಟಿಕೊಂಡಿಲ್ಲ. ಲಾಗ್ ಉಳಿಸುವ ಆಯ್ಕೆ ಹಾಕಿಕೊಂಡ ಗೆಳೆಯರ ಕಂಪ್ಯೂಟರಿನಲ್ಲಿ ಅದು ಟೆಕ್ಸ್ಟ್ ಫೈಲಾಗಿ ಇರುತ್ತದೆ; ಖಾತೆ ರದ್ದು ಮಾಡಿದರೂ ಅದನ್ನು ಅಳಿಸಲಾಗದು.