ಗೆನ್ಸ್: ರೋಮನ್ ಹೆಸರಿನೊಳಗಿನ ಕುಲ

ಗಾಯಸ್ ಜೂಲಿಯಸ್ ಸೀಸರ್ ಎಂಬುದರಲ್ಲಿ ಹೆತ್ತವರು ಇಟ್ಟ ಹೆಸರು ‘ಗಾಯಸ್’ ಮಾತ್ರ. ‘ಜೂಲಿಯಸ್’ ಕುಲದ ಹೆಸರು, ‘ಸೀಸರ್’ ಆ ಕುಲದ ಒಂದು ಕವಲಿನದು. ಈ ಕುಲವನ್ನೇ ಲ್ಯಾಟಿನ್‌ನಲ್ಲಿ ‘ಗೆನ್ಸ್’ ಎನ್ನುತ್ತಿದ್ದರು. ಒಬ್ಬನೇ ಮೂಲಪುರುಷನಿಂದ ಗಂಡುಸಂತತಿಯ ಸಾಲಿನಲ್ಲಿ ಇಳಿದು ಬಂದವರೆಂದು ನಂಬಿಕೊಂಡವರ ಗುಂಪು ಅದು. ನಮ್ಮ ಗೋತ್ರ ನೆನಪಾಗುವುದು ಸಹಜ. ಆದರೆ ಗೋತ್ರ ಹೊರಬರುವುದು ಪೂಜೆಗೆ, ಮದುವೆಗೆ. ಗೆನ್ಸ್ ದಿನವೂ ಹೆಸರಿನಲ್ಲೇ ಇರುತ್ತಿತ್ತು. ಜೂಲಿಯಸ್ ಕುಲದವರಂತೂ ತಮ್ಮ ಮೂಲವನ್ನು ವೀನಸ್ ದೇವತೆಯವರೆಗೂ ಒಯ್ದಿದ್ದರು!

ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಕುಲದ ಹೆಸರಿನ ಸ್ತ್ರೀರೂಪವಷ್ಟೇ ಗತಿ. ಸೀಸರನ ಸೋದರತ್ತೆ ಜೂಲಿಯಾ, ಒಡಹುಟ್ಟಿದವರಿಬ್ಬರೂ ಜೂಲಿಯಾ, ಮಗಳೂ ಜೂಲಿಯಾ. ಒಂದೇ ಮನೆಯಲ್ಲಿ ಇಬ್ಬರಿದ್ದರೆ ಹಿರಿಯಳು, ಕಿರಿಯಳು ಎಂದು ಸೇರಿಸಿ ಕರೆಯುತ್ತಿದ್ದರು. ಮದುವೆಯಾದರೂ ಹೆಸರು ಬದಲಾಗುತ್ತಿರಲಿಲ್ಲ. ರೋಮನ್ ಸೇನಾನಿ ಪಾಂಪೆಯ ಕೈಹಿಡಿದ ಮೇಲೂ ಸೀಸರನ ಮಗಳು ಜೂಲಿಯಾ ಆಗಿಯೇ ಉಳಿದಳು.

ಗಂಡಿನ ಹೆಸರು ಬದಲಾಗುತ್ತಿದ್ದುದು ದತ್ತು ಹೋದಾಗ. ಲೂಸಿಯಸ್ ಎಮಿಲಿಯಸ್ ಪೌಲಸ್ ಎಂಬ ಸೇನಾನಿ ತನ್ನ ಹಿರಿಯ ಮಕ್ಕಳಿಬ್ಬರನ್ನೂ ಬೇರೆ ಬೇರೆ ಮನೆತನಗಳಿಗೆ ಕೊಟ್ಟ. ಅವರಲ್ಲಿ ಎರಡನೆಯವನನ್ನು ದತ್ತು ಪಡೆದದ್ದು ಆ ಹುಡುಗನ ಸೋದರತ್ತೆಯ ಮಗನೇ. ಹುಡುಗನ ಹೊಸ ಹೆಸರು ಪಬ್ಲಿಯಸ್ ಕಾರ್ನೀಲಿಯಸ್ ಸಿಪಿಯೋ ಎಮಿಲಿಯಾನಸ್: ಮೊದಲ ಮೂರು ಭಾಗ ಹೊಸ ತಂದೆಯದು, ಕೊನೆಯದು ಹುಟ್ಟಿದ ಕುಲದ ಗುರುತು. ಕ್ರಿ.ಪೂ. 146ರಲ್ಲಿ ಉತ್ತರ ಆಫ್ರಿಕಾದ ಕಾರ್ತೇಜ್ ನಗರವನ್ನು ನೆಲಸಮ ಮಾಡಿದವನು ಇವನೇ. ಇವನು ಮದುವೆಯಾದ ಸೆಂಪ್ರೋನಿಯಾ ದತ್ತುಸಂಬಂಧದಲ್ಲಿ ಇವನ ಸೋದರತ್ತೆಯ ಮಗಳು. ಮೇಲ್ವರ್ಗದ ನಂಟುಗಳು ಹೀಗೆ ಸುತ್ತಿ ಸುತ್ತಿ ಅದೇ ಕೆಲವು ಮನೆಗಳಿಗೆ ಮರಳುತ್ತಿದ್ದವು.

ಪೌಲಸ್‌ನ ಲೆಕ್ಕಾಚಾರ ಮಾತ್ರ ಕೈಕೊಟ್ಟಿತು. ಮನೆಯ ಹೆಸರು ಉಳಿಸಲೆಂದು ಇರಿಸಿಕೊಂಡಿದ್ದ ಕಿರಿಯರಿಬ್ಬರೂ ಕ್ರಿ.ಪೂ. 167ರಲ್ಲಿ ತೀರಿಕೊಂಡರು, ಒಬ್ಬ ತಂದೆಯ ವಿಜಯೋತ್ಸವಕ್ಕೆ ಐದು ದಿನ ಮೊದಲು, ಇನ್ನೊಬ್ಬ ಮೂರು ದಿನದ ನಂತರ. ಹೆತ್ತ ಮಕ್ಕಳಿಬ್ಬರು ಜೀವಂತವಿದ್ದರೂ ಕಾನೂನಿನ ಲೆಕ್ಕದಲ್ಲಿ ಅವನಿಗೆ ಗಂಡುಮಕ್ಕಳೇ ಇರಲಿಲ್ಲ.

ದತ್ತು ಎಂದರೆ ಎಳೆಯ ಮಗುವನ್ನು ಸಾಕುವುದು ಎಂದುಕೊಳ್ಳಬೇಕಿಲ್ಲ. ಜನಸಾಮಾನ್ಯರ ಹಿತ ಕಾಯುವ ಟ್ರಿಬ್ಯೂನ್ ಎಂಬ ಹುದ್ದೆ ಕುಲೀನರಿಗೆ ನಿಷಿದ್ಧವಾಗಿತ್ತು. ಅದನ್ನು ಹಿಡಿಯಲೆಂದೇ ಪಬ್ಲಿಯಸ್ ಕ್ಲೋಡಿಯಸ್ ಎಂಬ ಕುಲೀನ ಕ್ರಿ.ಪೂ. 59ರಲ್ಲಿ ಸಾಮಾನ್ಯ ವರ್ಗದ ಫಾಂಟೇಯಸ್ ಎಂಬವನಿಗೆ ದತ್ತುಪುತ್ರನಾದ. ಈ ‘ತಂದೆ’ ವಯಸ್ಸಿನಲ್ಲಿ ಮಗನಿಗಿಂತ ಚಿಕ್ಕವನು. ಕೆಲಸವಾದೊಡನೆ ಮಗನಿಗೆ ಬಿಡುಗಡೆ ಕೊಟ್ಟ. ಮಗನೂ ಫಾಂಟೇಯಸ್ ಎಂಬ ಹೆಸರನ್ನು ಇಟ್ಟುಕೊಳ್ಳುವ ಗೋಜಿಗೇ ಹೋಗಲಿಲ್ಲ.