ಬಸಿರಿನ ಕಾವಲು ಬದಲಾಗುವ ಹೊತ್ತು

ಶಿರಾ, ಪಾವಗಡದ ಕಡೆ ಮೇಕೆ ಸಾಕಿದವರಿಗೆ ಅದು ಐದು ತಿಂಗಳಿಗೆ ಈಯುತ್ತದೆಂಬುದು ಗೊತ್ತು. ಆ ಐದೂ ತಿಂಗಳು ಗಬ್ಬವನ್ನು ಹಿಡಿದು ನಿಲ್ಲಿಸುವುದು ಅಂಡಾಶಯದೊಳಗಿನ ಒಂದು ಹಳದಿ ಗಂಟು, ಕಾರ್ಪಸ್ ಲೂಟಿಯಂ. ಅಂಡ ಹೊರಬಿದ್ದ ಮೇಲೆ ಉಳಿಯುವ ಖಾಲಿ ಕೋಶಿಕೆಯೇ ಹೀಗೆ ಗಂಟಾಗಿ ಪ್ರೊಜೆಸ್ಟರಾನ್ ಹಾರ್ಮೋನು ತಯಾರಿಸುತ್ತದೆ. ನಡುವೆ ಅದು ಬತ್ತಿದರೆ ಮೇಕೆ ಕಂದು ಹಾಕುತ್ತದೆ. ಕುರಿಯಲ್ಲಿ ಹಾಗಲ್ಲ. ಸುಮಾರು 50 ದಿನ ಕಳೆದ ಮೇಲೆ ಮಾಸೇ (ಪ್ಲಸೆಂಟಾ) ಸಾಕಷ್ಟು ಪ್ರೊಜೆಸ್ಟರಾನ್ ಒದಗಿಸುತ್ತದೆ. ಮನುಷ್ಯರದೂ ಇದೇ ದಾರಿ. ಕಡೆಯ ಮುಟ್ಟಿನಿಂದ ಎಣಿಸಿದರೆ 7ರಿಂದ 9ನೇ ವಾರದೊಳಗೆ ಕಾವಲು ಅಂಡಾಶಯದಿಂದ ಮಾಸಿಗೆ ಹೋಗುತ್ತದೆ. ಏಳು ವಾರಕ್ಕೆ ಮುಂಚೆ ಆ ಗಂಟನ್ನು ತೆಗೆದರೆ ಗರ್ಭ ಉಳಿಯದು, ಒಂಬತ್ತು ದಾಟಿದ ಮೇಲೆ ತೆಗೆದರೂ ಉಳಿಯುತ್ತದೆ ಎಂದು ಅರ್ಪಾದ್ ಚಾಪೊ ಮತ್ತು ಸಂಗಡಿಗರು 1970ರ ದಶಕದಲ್ಲಿ ತೋರಿಸಿದರು.

ಬಸಿರು ನಿಲ್ಲದಿದ್ದರೆ ಹೆಂಗಸಿನಲ್ಲಿ ಆ ಗಂಟಿನ ಆಯಸ್ಸು ಸುಮಾರು 14 ದಿನ ಅಷ್ಟೇ. ಅಂಡನಾಳದಲ್ಲಿ ಫಲಿತವಾದ ಅಂಡ ಒಡೆದೊಡೆದು ಬೆಳೆಯುತ್ತ ಗರ್ಭಕೋಶಕ್ಕೆ ಇಳಿದು, 6ರಿಂದ 10ನೇ ದಿನದ ಹೊತ್ತಿಗೆ ಗೋಡೆಗೆ ಅಂಟುತ್ತದೆ. ಅಂಟಿದೊಡನೆ ಎಚ್‌ಸಿಜಿ ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅದು ತಲುಪಿದರೆ ಗಂಟು ಬತ್ತುವುದಿಲ್ಲ, ಮುಟ್ಟು ಬರುವುದಿಲ್ಲ. ಮೊದಲ ವಾರಗಳಲ್ಲಿ ಎಚ್‌ಸಿಜಿ ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ.

ಆಶಾ ಕಾರ್ಯಕರ್ತೆ ಕೊಡುವ ಬಸಿರು ಪರೀಕ್ಷೆಯ ಕಿಟ್ ಹಿಡಿಯುವುದು ಈ ಎಚ್‌ಸಿಜಿಯನ್ನೇ. ಬೆಳಗಿನ ಮೊದಲ ಮೂತ್ರ ಗಟ್ಟಿಯಾಗಿರುತ್ತದೆ, ಅದೇ ಒಳ್ಳೆಯದು. ಎರಡು ಮೂರು ಹನಿ ಬಿಟ್ಟು ಐದು ನಿಮಿಷಕ್ಕೆ ನೋಡಬೇಕು. ಅರ್ಧ ಗಂಟೆ ಬಿಟ್ಟು ಕಾಣುವ ಮಸುಕು ಗೆರೆಯನ್ನು ನಂಬಬೇಡಿ. ಮುಟ್ಟು ತಪ್ಪುವ ಮೊದಲೇ ಪರೀಕ್ಷಿಸಿದರೆ ಬಸಿರಿದ್ದರೂ ಒಂದೇ ಗೆರೆ ಬರಬಹುದು. ಮೂರು ದಿನ ಬಿಟ್ಟು ಮತ್ತೊಮ್ಮೆ ಮಾಡಿ. ಇನ್ನೊಂದು ಮಾತು: ಎರಡು ಗೆರೆ ಬಂದ ಮಾತ್ರಕ್ಕೆ ಗರ್ಭ ಎಲ್ಲಿ ಕೂತಿದೆಯೆಂದು ತಿಳಿಯದು. ನಾಳದಲ್ಲೇ ಅಂಟಿದರೂ ಎರಡೇ ಗೆರೆ. ಕಿಬ್ಬೊಟ್ಟೆಯ ಒಂದು ಪಕ್ಕ ನೋವು, ತಲೆ ಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ಮರುದಿನಕ್ಕೆ ಕಾಯದೆ ಸ್ಕ್ಯಾನಿಂಗ್ ಮತ್ತು ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ, ಹೊರಗೆ ಕಾಣುವುದಿಲ್ಲ.

ಮೊದಲ ಮೂರು ತಿಂಗಳಲ್ಲಿ ಗರ್ಭ ಹೋದಾಗ ಬಿಂದಿಗೆ ಎತ್ತಿದ್ದಕ್ಕೆ, ಪರಂಗಿ ತಿಂದಿದ್ದಕ್ಕೆ ಸೊಸೆಯನ್ನು ದೂರುವವರಿದ್ದಾರೆ. ಇದು ತಪ್ಪು. ಅರ್ಧದಷ್ಟು ಸಂದರ್ಭಗಳಲ್ಲಿ ಭ್ರೂಣದ ವರ್ಣತಂತುಗಳಲ್ಲೇ ದೋಷವಿರುತ್ತದೆ.

ಐದು ತಿಂಗಳು ತುಂಬಿದ ಮೇಲೆ ಮಾಸು ತಾಯಿಯ ಇನ್ಸುಲಿನ್ ಕೆಲಸವನ್ನು ಮಂದಗೊಳಿಸುವ ಹಾರ್ಮೋನುಗಳನ್ನು ಹೆಚ್ಚು ಬಿಡುತ್ತದೆ. ಸಕ್ಕರೆ ಮಗುವಿನ ಪಾಲಿಗೆ ಉಳಿಯಲಿ ಎಂದು. ತಾಯಿಯ ಮೇದೋಜೀರಕ ಗ್ರಂಥಿ ಅದಕ್ಕೆ ತಕ್ಕಷ್ಟು ಇನ್ಸುಲಿನ್ ಸುರಿಸದಿದ್ದರೆ ಬಸಿರಿನ ಸಕ್ಕರೆ ಕಾಯಿಲೆ. ಅದಕ್ಕೇ 24ರಿಂದ 28ನೇ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುವುದು. ಸಕ್ಕರೆ 140 (ಮಿ.ಗ್ರಾಂ/ಡೆ.ಲೀ.) ಅಥವಾ ಹೆಚ್ಚಿದ್ದರೆ ಚಿಕಿತ್ಸೆ ಬೇಕು. ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ರಾಗಿಯಲ್ಲೂ ಹೆಚ್ಚಿರುವುದು ಪಿಷ್ಟವೇ, ಗಾತ್ರ ಲೆಕ್ಕಕ್ಕೆ ಬರುತ್ತದೆ.

ಇನ್ನು ಹೆರಿಗೆ. ಮೇಕೆಯಲ್ಲಿ ಈಯುವ ಮುನ್ನ ಪ್ರೊಜೆಸ್ಟರಾನ್ ಕುಸಿಯುತ್ತದೆ. ಹೆಂಗಸಿನ ರಕ್ತದಲ್ಲಿ ಅದು ಹಾಗೇ ಇರುತ್ತದೆ, ಗರ್ಭಕೋಶ ಮಾತ್ರ ಅದರ ಮಾತು ಕೇಳುವುದನ್ನು ಬಿಡುತ್ತದೆ. ಬದಲಿಗೆ ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನಿಗೆ ಓಗೊಡತೊಡಗುತ್ತದೆ. ಕೋಲಾರ, ಚಿಂತಾಮಣಿಯ ಹೈನುಗಾರರಿಗೆ ಇದು ಪರಿಚಿತ: ಕರು ಬಾಯಿಟ್ಟೊಡನೆ ಹಸು ಸೊರ ಬಿಡುವುದು ಇದರಿಂದಲೇ, ಹೆದರಿಸಿದರೆ ಬಿಡದಿರುವುದೂ ಇದು ತಡೆದು ನಿಲ್ಲುವುದರಿಂದ. ಹಸುವಿನಲ್ಲೂ ತಾಯಿಯಲ್ಲೂ ಅದೇ ಒಂಬತ್ತು ಅಮೈನೋ ಆಮ್ಲಗಳ ಸರಪಳಿ. ಅಮೆರಿಕದ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೊ ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿ 1955ರ ರಸಾಯನಶಾಸ್ತ್ರದ ನೊಬೆಲ್ ಪಡೆದರು.

ನೋವು ಬೇಗ ಬರಲೆಂದು ಮನೆಯಲ್ಲೇ ಇದರ ಇಂಜೆಕ್ಷನ್ ಹಾಕಿಸುವುದು ಪ್ರಾಣಕ್ಕೆ ಅಪಾಯ. ಗರ್ಭಕೋಶ ಸಡಿಲವಾಗದೆ ಬಿಗಿದೇ ನಿಂತರೆ ಮಗುವಿಗೆ ರಕ್ತ ಹೋಗುವುದಿಲ್ಲ. ಹಿಂದೆ ಸಿಸೇರಿಯನ್ ಆಗಿದ್ದರೆ ಹೊಲಿಗೆಯ ಜಾಗವೇ ಬಿರಿಯಬಹುದು. ಆಸ್ಪತ್ರೆಯಲ್ಲಿ ಡ್ರಿಪ್‌ನಲ್ಲಿ ಹನಿ ಎಣಿಸಿ, ಮಗುವಿನ ಎದೆಬಡಿತ ಕೇಳುತ್ತ ಕೊಡುತ್ತಾರೆ.

ಮಗು ಹುಟ್ಟಿದ ಮೇಲೆ ಮಾತ್ರ ಇದೇ ಇಂಜೆಕ್ಷನ್ ತಾಯಿಯ ಜೀವ ಉಳಿಸುತ್ತದೆ. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಕಳಚಿದಾಗ ಆ ನಾಳಗಳನ್ನು ಹಿಚುಕಿ ಮುಚ್ಚುವುದು ಗರ್ಭಕೋಶದ ಸ್ನಾಯುಗಳೇ. ಅದಕ್ಕಾಗಿ ಮಗು ಬಂದ ನಿಮಿಷದೊಳಗೆ, ಹೊಟ್ಟೆಯಲ್ಲಿ ಇನ್ನೊಂದು ಮಗುವಿಲ್ಲವೆಂದು ಖಚಿತಪಡಿಸಿಕೊಂಡು, 10 ಯೂನಿಟ್ ಸ್ನಾಯುವಿಗೆ ಕೊಡುತ್ತಾರೆ. ಮೊದಲ ಗಂಟೆಯಲ್ಲೇ ಮಗುವಿಗೆ ಎದೆ ಕೊಟ್ಟರೆ ತಾಯಿಯ ಮೈಯ ಆಕ್ಸಿಟೋಸಿನ್ನೂ ಸೇರುತ್ತದೆ. ಮಗು ಚೀಪುವಾಗ ಹಸಿ ಬಾಣಂತಿಗೆ ಹೊಟ್ಟೆ ಹಿಂಡಿದಂತಾಗುವುದು ಅದಕ್ಕೇ.

ಈ ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು. ಬೇಸಿಗೆಯಲ್ಲಿ ಫ್ರಿಜ್ಜಿನ ಹೊರಗೆ ದಿನಗಟ್ಟಲೆ ಇಟ್ಟರೆ ಸತ್ವ ಕುಂದುತ್ತದೆ. ಇಂಜೆಕ್ಷನ್ ಆದ ಮೇಲೂ ಹೊಕ್ಕುಳ ಹತ್ತಿರ ಕೈಯಿಟ್ಟರೆ ಗರ್ಭಕೋಶ ಚೆಂಡಿನಂತೆ ಗಟ್ಟಿ ಸಿಗದೆ ಮೆತ್ತಗಿದ್ದರೆ, ಒಂದು ಪ್ಯಾಡ್ ಕಾಲು ಗಂಟೆಯಲ್ಲಿ ನೆನೆದರೆ, ಜೊತೆಗಿರುವವರು ತಕ್ಷಣ ನರ್ಸನ್ನು ಕರೆಯಬೇಕು.