ಆರ್‌ಎನ್‌ಎ ಹುಡುಕಲು ಒಂದೇ ಟ್ಯೂಬ್ ಸಾಕಾ?

ಪ್ರಶ್ನೆ: ಕಲಬುರಗಿ ಸುತ್ತಲಿನ ತೊಗರಿ ಎಲೆಗಳಲ್ಲಿ ಗೊಡ್ಡು ರೋಗದ ವೈರಸ್ ಹುಡುಕುವ ಪ್ರಾಜೆಕ್ಟ್ ನನ್ನದು. ರಿಯಲ್ ಟೈಮ್ ಪಿಸಿಆರ್‌ಗೆ (ಡಿಎನ್‌ಎಯನ್ನು ಸುತ್ತು ಸುತ್ತಾಗಿ ನಕಲು ಮಾಡುತ್ತಲೇ ಅಳೆಯುವ ವಿಧಾನ) ಒಂದೇ ಟ್ಯೂಬಿನಲ್ಲಿ ಎಲ್ಲ ಮುಗಿಸುವ ಒನ್-ಸ್ಟೆಪ್ ಮಿಕ್ಸ್ ತರಿಸಲಾ, ಸಿಡಿಎನ್‌ಎ (ಆರ್‌ಎನ್‌ಎ ನೋಡಿ ಬರೆದ ಡಿಎನ್‌ಎ ಪ್ರತಿ) ಬೇರೆ ಮಾಡಿಕೊಳ್ಳಲಾ ಸರ್?

ಉತ್ತರ: ವೈರಸ್ ಒಂದೇ, ಎಲೆಗಳು ನೂರಾರು ಅಂದರೆ ಒನ್-ಸ್ಟೆಪ್ ತರಿಸಮ್ಮ. ಗಿಡ ಪೊದೆಯಂತೆ ಹಸಿರಾಗಿದ್ದೂ ಹೂ ಬಿಡದ ಹೊಲ ನೋಡಿದವರಿಗೆ ಈ ಕೆಲಸದ ಬೆಲೆ ಗೊತ್ತು.

ಈ ವೈರಸ್ಸಿನ ಜೀನೋಮ್ ಆರ್‌ಎನ್‌ಎ. ಪಿಸಿಆರ್ ನಡೆಸುವ ಟ್ಯಾಕ್ ಕಿಣ್ವಕ್ಕೆ ಡಿಎನ್‌ಎ ಬೇಕು. ಆರ್‌ಎನ್‌ಎ ನೋಡಿ ಡಿಎನ್‌ಎ ಬರೆಯುವುದು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಬೇರೆ ಬೇರೆಯಾಗಿ ಕಂಡುಹಿಡಿದ ಕಿಣ್ವ ಇದು. ಒನ್-ಸ್ಟೆಪ್‌ನಲ್ಲಿ ಎರಡೂ ಒಂದೇ ಟ್ಯೂಬಿನಲ್ಲಿರುತ್ತವೆ.

ಒಂದಕ್ಕೊಂದು ಅಡ್ಡ ಬರಲ್ವಾ? ಬರದ ಹಾಗೆ ಮಾಡಿರುವುದೇ ಇದರ ಸೊಗಸು. ಸುಮಾರು 50 ಡಿಗ್ರಿಯಲ್ಲಿ ಹತ್ತು-ಹದಿನೈದು ನಿಮಿಷ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ದುಡಿಯುತ್ತದೆ. ಅಲ್ಲಿಯವರೆಗೆ ಟ್ಯಾಕ್ ಸುಮ್ನೆ ಇರಲಿ ಅಂತ ಹಲವು ಮಿಕ್ಸ್‌ಗಳಲ್ಲಿ ಅದಕ್ಕೆ ಆಂಟಿಬಾಡಿ ಅಂಟಿಸಿರುತ್ತಾರೆ. 95 ಡಿಗ್ರಿಗೆ ಏರಿಸಿದರೆ ಆಂಟಿಬಾಡಿ ಕಳಚುತ್ತದೆ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸೂ ಕೆಡುತ್ತದೆ. ಆಮೇಲೆ 40 ಸುತ್ತು ಟ್ಯಾಕ್‌ನದೇ ಕಾರುಬಾರು. ನಡುವೆ ಮುಚ್ಚಳ ತೆಗೆಯುವುದೇ ಇಲ್ಲ. ಹಾಗಾಗಿ ಒಂದು ಸ್ಯಾಂಪಲ್ಲಿನ ಹನಿ ಇನ್ನೊಂದಕ್ಕೆ ಬೀಳುವ ಭಯ ಕಡಿಮೆ.

ನಷ್ಟವೂ ಇದೆ. ಕೈಯಲ್ಲಿ ಸಿಡಿಎನ್‌ಎ ಉಳಿಯಲ್ಲ. ಒಂದೇ ಎಲೆಯಲ್ಲಿ ಹತ್ತಾರು ಜೀನ್ ನೋಡಬೇಕಿದ್ದರೆ ಎರಡು ಹಂತದ ದಾರಿಯೇ ವಾಸಿ. ಉಳಿದ ಆರ್‌ಎನ್‌ಎಯನ್ನು ಮೈನಸ್ 80ರಲ್ಲಿ ಇಟ್ಟುಕೊಳ್ಳಿ.

ತೊಗರಿ ಎಲೆಯದ್ದೇ ಒಂದು ತಕರಾರು. ಎಲೆಯಲ್ಲಿರುವ ಪಾಲಿಫೀನಾಲ್ ಎಂಬ ರಾಸಾಯನಿಕಗಳು ಆರ್‌ಎನ್‌ಎ ಜೊತೆ ಬಂದು ಕಿಣ್ವಗಳನ್ನು ಕಟ್ಟಿಹಾಕುತ್ತವೆ. ರೋಗವಿದ್ದರೂ ಇಲ್ಲ ಅಂತ ಬರಬಹುದು. ಆರ್‌ಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ಇನ್ನೊಮ್ಮೆ ಓಡಿಸಿ. ಸಿಟಿ, ಅಂದರೆ ಸಿಗ್ನಲ್ ಕಾಣಿಸಿಕೊಳ್ಳುವ ಸುತ್ತಿನ ಸಂಖ್ಯೆ, ಸುಮಾರು 3.3 ಏರಬೇಕು. ಏರದಿದ್ದರೆ, ಇಲ್ಲವೇ ಇಳಿದರೆ, ಅಡ್ಡಿ ಇದೆ ಅಂತಲೇ ಅರ್ಥ. ಗಿಡದ್ದೇ ಒಂದು ಜೀನ್ ಕೂಡ ಜೊತೆಗೆ ನೋಡಿ; ಅದೂ ಬರದಿದ್ದರೆ ‘ರೋಗವಿಲ್ಲ’ ಎಂಬ ಉತ್ತರವನ್ನು ನಂಬಬೇಡಿ.

ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಟ್ಯೂಬ್ ಒಂದು ಇರಲೇಬೇಕು. ಅದರಲ್ಲೂ ಸಿಗ್ನಲ್ ಬಂದರೆ ಎಲ್ಲಿಂದಲೋ ಡಿಎನ್‌ಎ ಸೇರಿದೆ ಅಂತ ತಿಳಿಯಿರಿ. ಆ ಕಿಣ್ವ ಬೇರೆ ಟ್ಯೂಬಿನಲ್ಲಿ ಬರುತ್ತಾ ಅಂತ ಆರ್ಡರ್‌ಗೆ ಮುಂಚೆಯೇ ಕೇಳಿ.

ಇನ್ನು ನಮ್ಮ ಬಿಸಿಲು. ಮೇ ತಿಂಗಳಲ್ಲಿ ಪಾರ್ಸಲ್ ತರಿಸಬೇಡಿ. ತರಿಸಲೇಬೇಕಿದ್ದರೆ ಡ್ರೈ ಐಸ್ ಉಳಿದಿದೆಯಾ ಅಂತ ತೆರೆದ ಕೂಡಲೇ ನೋಡಿ. ಪದೇ ಪದೇ ಕರಗಿಸಿ ಗಟ್ಟಿ ಮಾಡಿದರೆ ಕಿಣ್ವ ಸೊರಗುತ್ತದೆ. ಹಾಗಾಗಿ ಬಂದ ದಿನವೇ ಒಂದೊಂದು ದಿನಕ್ಕೆ ಬೇಕಾದಷ್ಟನ್ನು ಸಣ್ಣ ಟ್ಯೂಬ್‌ಗಳಿಗೆ ಹಂಚಿ ಮೈನಸ್ 20ಕ್ಕೆ ಸೇರಿಸಿ.